ಮಿತಭಾಷಿಗೆ ಎಷ್ಟು ಅಂಕ?



ನೆಂಟರ ಮದುವೆಗೆ ಹೋದಾಗ ನಿಮ್ಮ ಕಣ್ಣು ಮೊದಲು ಹುಡುಕುವುದು ಮಾತಿಗೆ ಸಿಗುವ ಜನರನ್ನೋ, ಸುಮ್ಮನೆ ಕೂರಲೊಂದು ಮೂಲೆಯನ್ನೋ? ಗುಂಪಿನಲ್ಲಿ ಒಂದೆರಡು ಗಂಟೆ ಕಳೆದ ಮೇಲೆ ನಿಮಗೆ ಹುರುಪೋ, ದಣಿವೋ? ಇಂಥ ಹತ್ತಿಪ್ಪತ್ತು ಪ್ರಶ್ನೆಗಳಿಗೆ ಮೊಬೈಲಿನಲ್ಲಿ ಬೆರಳೊತ್ತಿದರೆ ಕೊನೆಗೆ ಬಣ್ಣದ ಪಟ್ಟಿಯೊಂದು ಮೂಡಿ ತೀರ್ಪು ಕೊಡುತ್ತದೆ: ನೀವು ಶೇಕಡಾ 72ರಷ್ಟು ಅಂತರ್ಮುಖಿ. ಮೈಸೂರಿನ ಹುಡುಗ ಹುಡುಗಿಯರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾರೆ. ಹಿಂದೆ ಈ ಕೆಲಸವನ್ನು ಮನೆಯ ಅಜ್ಜಿಯೇ ಮಾಡಿ ಮುಗಿಸುತ್ತಿದ್ದರು. ಒಬ್ಬ ಮೊಮ್ಮಗ ಗುಮ್ಮನಗುಸಕ, ಇನ್ನೊಬ್ಬ ಬಾಯಿಬಡುಕ, ಅಷ್ಟೇ. ಶೇಕಡಾ ಲೆಕ್ಕವೊಂದು ಮಾತ್ರ ಅಜ್ಜಿಯ ಬಳಿ ಇರಲಿಲ್ಲ.

ಆ ಲೆಕ್ಕ ಹುಟ್ಟಿ ಬೆಳೆದದ್ದು ಜ್ಯೂರಿಕ್, ಲಂಡನ್, ಅಮೆರಿಕಗಳಲ್ಲಿ. ಆದರೂ ಅದರ ಹಾದಿ ಮೈಸೂರನ್ನು ಒಂದಕ್ಕಿಂತ ಹೆಚ್ಚು ಸಲ ಮುಟ್ಟಿ ಹೋಗಿದೆ.

ಮೊದಲು ಮುಟ್ಟಿದ್ದು 1924ರಲ್ಲಿ. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದು ಮುಗಿಸಿ ಬಂದು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟತೊಡಗಿದರು. ಭಾರತದಲ್ಲಿ ಅದಕ್ಕಿಂತ ಮೊದಲಿದ್ದ ವಿಭಾಗವೆಂದರೆ ಕಲ್ಕತ್ತೆಯದು. ಲಂಡನ್ನಿನಲ್ಲಿ ಗೋಪಾಲಸ್ವಾಮಿಯವರ ಗುರು ಚಾರ್ಲ್ಸ್ ಸ್ಪಿಯರ್ಮನ್. ಮನಸ್ಸನ್ನು ಅಂಕಿಗಳಲ್ಲಿ ಹಿಡಿಯಬಹುದೆಂಬ ಹಟ ತೊಟ್ಟು, ಬುದ್ಧಿಶಕ್ತಿಯ ಹಿಂದೆ ಒಂದು ಸಾಮಾನ್ಯ ಅಂಶವಿದೆ ಎಂದು 1904ರಲ್ಲೇ ಗಣಿತದ ಮೂಲಕ ವಾದಿಸಿದ್ದವರು. ಹೀಗಾಗಿ ಮೈಸೂರಿಗೆ ಬಂದ ಮನಶ್ಶಾಸ್ತ್ರ ತತ್ತ್ವಚಿಂತನೆಯ ಬಾಲವಾಗಿ ಬರಲಿಲ್ಲ, ಅಳತೆಗೋಲು ಹಿಡಿದೇ ಬಂತು.

ಇದೇ ಪ್ರೊಫೆಸರರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವಾಟ್‌ನ ಪುಟ್ಟ ಪ್ರೇಷಕವಿಟ್ಟು ಖಾಸಗಿ ಬಾನುಲಿ ನಿಲಯ ಶುರುಮಾಡಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ನಿಂತಿತು. ಹಗಲು ಮನಸ್ಸು ಅಳೆಯುವ ಪಾಠ, ಸಂಜೆ ಊರಿಗೆಲ್ಲ ಕೇಳುವಂತೆ ಮಾತು. ಗೋಪಾಲಸ್ವಾಮಿಯವರಿಗೆ ಈ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತಿತ್ತೋ!

ಆ ನಿಲಯ ಚಿಕ್ಕದಾಗಿ ಮಾತಾಡುತ್ತಿದ್ದ ದಿನಗಳಲ್ಲೇ, 1938ರ ಆರಂಭದಲ್ಲಿ, ಮೈಸೂರಿಗೆ ಒಬ್ಬ ಸ್ವಿಸ್ ಅತಿಥಿ ಬಂದರು. ಅವರೇ ಕಾರ್ಲ್ ಗುಸ್ತಾವ್ ಯೂಂಗ್, ಅಂತರ್ಮುಖಿ ಬಹಿರ್ಮುಖಿ ಎಂಬ ಜೋಡಿಯನ್ನು ಜಗತ್ತಿಗೆ ಕೊಟ್ಟವರು. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆಂದು ಬ್ರಿಟಿಷ್ ಸರ್ಕಾರದ ಆಹ್ವಾನದ ಮೇಲೆ ದೇಶಕ್ಕೆ ಬಂದಿದ್ದ ಯೂಂಗ್ ಕಲ್ಕತ್ತೆಯಲ್ಲಿ ಆಮಶಂಕೆ ಹಿಡಿದು ಆಸ್ಪತ್ರೆ ಸೇರಬೇಕಾಯಿತು. ಚೇತರಿಸಿಕೊಂಡು ದಕ್ಷಿಣಕ್ಕೆ ಇಳಿದು ನಾಲ್ವಡಿ ಕೃಷ್ಣರಾಜ ಒಡೆಯರ ಅತಿಥಿಯಾಗಿ ಇಲ್ಲಿ ಉಳಿದರು. ಅವರನ್ನು ಸೆಳೆದದ್ದು ಅರಮನೆಯ ವೈಭವಕ್ಕಿಂತ ಹೆಚ್ಚಾಗಿ ಒಬ್ಬ ವೇದಾಂತಿ. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದ, ಮಹಾರಾಜರಿಗೆ ತತ್ತ್ವಶಾಸ್ತ್ರದ ಗುರುವಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್. 1937ರಲ್ಲಿ ಪ್ಯಾರಿಸ್ಸಿನ ತತ್ತ್ವಶಾಸ್ತ್ರ ಸಮ್ಮೇಳನಕ್ಕೆ ಹೋಗಿದ್ದ ಅಯ್ಯರ್ ಸ್ವಿಟ್ಜರ್ಲೆಂಡಿನಲ್ಲಿ ಯೂಂಗರ ಮನೆಗೂ ಹೋಗಿಬಂದಿದ್ದರು. ಮೈಸೂರಿನಲ್ಲಿ ಇವರಿಬ್ಬರ ನಡುವೆ ನಡೆದ ಗಹನವಾದ ಮಾತುಕತೆಯನ್ನು ಯೂಂಗ್ ತಮ್ಮ ಆತ್ಮಕಥೆಯಲ್ಲಿ ಹೆಸರಿಟ್ಟು ನೆನೆದಿದ್ದಾರೆ.

ಯೂಂಗರಿಗೆ ಅಂತರ್ಮುಖಿ ಬಹಿರ್ಮುಖಿ ಎಂಬ ಯೋಚನೆ ಹುಟ್ಟಿದ್ದು ಒಂದು ಜಗಳದಿಂದ. ಮನೋಚಿಕಿತ್ಸಕರಾದ ಫ್ರಾಯ್ಡ್ ಮತ್ತು ಆಡ್ಲರ್ ಒಂದೇ ಬಗೆಯ ರೋಗಿಯನ್ನು ನೋಡಿ ಪೂರ್ತಿ ಬೇರೆಬೇರೆ ಕಾರಣ ಹೇಳುತ್ತಿದ್ದರು. ಇಬ್ಬರೂ ಬುದ್ಧಿವಂತರೇ, ಹಾಗಾದರೆ ಭೇದವಿರುವುದು ನೋಡುವವರ ಸ್ವಭಾವದಲ್ಲಿಯೇ ಇರಬೇಕಲ್ಲ? 1921ರಲ್ಲಿ ಬಂದ ಯೂಂಗರ ದೊಡ್ಡ ಗ್ರಂಥ ಈ ಪ್ರಶ್ನೆಗೆ ಉತ್ತರ. ಒಬ್ಬರ ಮನಸ್ಸಿನ ಶಕ್ತಿ ಹೊರಗಿನ ಜನ, ವಸ್ತು, ಘಟನೆಗಳತ್ತ ಹರಿಯುತ್ತದೆ, ಇನ್ನೊಬ್ಬರದು ಒಳಗಿನ ಅನುಭವದತ್ತ ತಿರುಗುತ್ತದೆ ಎಂದರು. ಎರಡೂ ಎಲ್ಲರಲ್ಲೂ ಇವೆ, ಒಂದು ಮುಂದಿರುತ್ತದೆ ಅಷ್ಟೇ, ಅಪ್ಪಟ ಅಂತರ್ಮುಖಿ ಎಂಬ ಮನುಷ್ಯ ಎಲ್ಲೂ ಇಲ್ಲ ಎಂದೂ ಅವರೇ ಎಚ್ಚರಿಸಿದರು. ಮುಖ್ಯವಾದ ಮಾತೆಂದರೆ, ಯೂಂಗ್ ಇದಕ್ಕಾಗಿ ಒಂದು ಪ್ರಶ್ನಪತ್ರಿಕೆಯನ್ನೂ ಬರೆಯಲಿಲ್ಲ. ಅಂಕ ಹಾಕಿದವರೆಲ್ಲ ಬೇರೆಯವರು.

ಪ್ರಶ್ನಪತ್ರಿಕೆಯ ವಂಶ ಬೇರೆಯೇ, ಅದು ಯುದ್ಧದ್ದು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಸದ್ದಿಗೆ ಮನಸ್ಸು ಕೆಡುವ ಸೈನಿಕರನ್ನು ಮೊದಲೇ ಗುರುತಿಸಲು ಅಮೆರಿಕದ ರಾಬರ್ಟ್ ವುಡ್‌ವರ್ತ್ 116 ಪ್ರಶ್ನೆಗಳ ಹಾಳೆ ತಯಾರಿಸಿದರು. ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದರೆ ಸಾಕು. ಹಾಳೆ ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿಯಿತು, ಹಾಳೆ ಮಾತ್ರ ಉಳಿಯಿತು. 1924ರಲ್ಲಿ ಮ್ಯಾಕ್ಸ್ ಫ್ರೈಡ್ ಎಂಬವರು ಅಂತರ್ಮುಖಿಯ 54 ಲಕ್ಷಣಗಳ ಪಟ್ಟಿ ಪ್ರಕಟಿಸಿದರು. ಎರಡು ವರ್ಷದಲ್ಲಿ ಎಡ್ನಾ ಹೈಡ್‌ಬ್ರೆಡರ್ ಅದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಸ್ನೇಹ ಆಯ್ದ ಕೆಲವರ ಜತೆ ಮಾತ್ರ, ಮಾತು ತಾಗಿದರೆ ಬೇಗ ನೋವು, ಬರಬಹುದಾದ ಕಷ್ಟವನ್ನು ನೆನೆದು ಕೊರಗು. ಇವೆಲ್ಲ ಆ ಪಟ್ಟಿಯಲ್ಲಿದ್ದವು.

ಕೆಟ್ಟದ್ದು ಇಲ್ಲಿಯೇ. ಕಡಿಮೆ ಮಾತಾಡುವುದು ಒಂದು, ಜನರಿಗೆ ಹೆದರಿ ಬಾಯಿ ಕಟ್ಟುವುದು ಇನ್ನೊಂದು. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ್ದರಿಂದ ಮಿತಭಾಷಿಗಳೆಲ್ಲ ಅರ್ಧ ರೋಗಿಗಳಂತೆ ಕಂಡರು. ಮಾತಾಡದ ಮಗುವಿಗೆ ಏನೋ ಕೊರತೆಯಿದೆ ಎಂದು ಶಾಲೆಯಿಂದ ಇಂದಿಗೂ ಬರುವ ದೂರಿನಲ್ಲಿ ಆ ಕಲಬೆರಕೆಯ ವಾಸನೆಯಿದೆ.

ಅದನ್ನು ಬಿಡಿಸಿದವರು ಹಾನ್ಸ್ ಐಸೆಂಕ್. ಅವರೂ ಗೋಪಾಲಸ್ವಾಮಿಯವರು ಓದಿದ ಅದೇ ಲಂಡನ್ ಕಾಲೇಜಿನವರು. ಸ್ಪಿಯರ್ಮನ್ನರ ಪೀಠಕ್ಕೆ ಬಂದ ಸಿರಿಲ್ ಬರ್ಟರ ಶಿಷ್ಯ. ಸ್ವಭಾವವನ್ನು ಎರಡು ಗೆರೆಗಳಲ್ಲಿ ಅಳೆಯಬೇಕು, ಒಂದು ಅಂತರ್ಮುಖದಿಂದ ಬಹಿರ್ಮುಖಕ್ಕೆ, ಇನ್ನೊಂದು ನೆಮ್ಮದಿಯಿಂದ ಆತಂಕಕ್ಕೆ, ಇವು ಒಂದನ್ನೊಂದು ಅವಲಂಬಿಸಿಲ್ಲ ಎಂದು ಅವರು ವಾದಿಸಿದರು. 1964ರ ಅವರ ಪ್ರಶ್ನಾವಳಿಯಲ್ಲಿ 57 ಪ್ರಶ್ನೆ. ಬಹಿರ್ಮುಖತೆಗೆ 24, ಆತಂಕಕ್ಕೆ 24. ಉಳಿದ ಒಂಬತ್ತು ಸುಳ್ಳು ಹಿಡಿಯಲು! ತಾನು ಯಾರ ಬಗ್ಗೆಯೂ ಆಡಿಕೊಂಡವನೇ ಅಲ್ಲ ಎಂದು ಬರೆದವನ ಉಳಿದ ಉತ್ತರಗಳನ್ನೂ ಅನುಮಾನದಿಂದ ನೋಡಬೇಕು ಎಂಬುದು ಅದರ ತರ್ಕ. ಆದರೆ ಅವರ ಪ್ರಶ್ನೆಗಳು ಲಂಡನ್ನಿನವು. ಗದ್ದಲದ ಪಾರ್ಟಿಯಲ್ಲಿ ಮೈಮರೆಯುವಿರಾ ಎಂದು ಕೇಳಿದರೆ, ಪಾರ್ಟಿಯನ್ನೇ ಕಾಣದ ಅಗ್ರಹಾರದ ಗೃಹಿಣಿ ಏನು ಹೇಳಬೇಕು? ದಸರಾ ಬೊಂಬೆ ನೋಡಲು ಬಂದ ಹತ್ತು ಹೆಂಗಸರನ್ನು ನಗಿಸಿ ಕಳಿಸುವ ಆಕೆ, ಪ್ರಶ್ನಾವಳಿಯಲ್ಲಿ ‘ಇಲ್ಲ’ ಎಂದು ಗುರುತು ಹಾಕಿ ಅಂತರ್ಮುಖಿಯಾಗಿಬಿಡುತ್ತಾಳೆ.

ಹೊರಗಿನ ಪರೀಕ್ಷೆಯನ್ನು ಇಲ್ಲಿಗೆ ಒಗ್ಗಿಸುವ ವಿಷಯದಲ್ಲಿ ಕನ್ನಡ ನಾಡಿನಲ್ಲೊಂದು ಒಳ್ಳೆಯ ಮೇಲ್ಪಂಕ್ತಿ ಇತ್ತು. ಬುದ್ಧಿಮಟ್ಟ ಅಳೆಯುವ ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ.ವಿ. ಕಾಮತ್ ಧಾರವಾಡ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಭಾಷೆ ಬದಲಿಸಿದ್ದಷ್ಟೇ ಅಲ್ಲ, ಇಲ್ಲಿಯ ಮಕ್ಕಳ ಮೇಲೆಯೇ ಪ್ರಯೋಗಿಸಿ, ಇಲ್ಲಿಯ ಮಕ್ಕಳ ಸರಾಸರಿಗೇ ಹೋಲಿಸಿದರು. ಕರ್ನಾಟಕದ ಚಿಕಿತ್ಸಾಲಯಗಳಲ್ಲಿ ಬಿನೆ-ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಸ್ವಭಾವ ಪರೀಕ್ಷೆಗೆ ಇಷ್ಟು ಶ್ರಮ ಕೂಡಿಬಂದದ್ದು ಕಡಿಮೆ.

ಅಷ್ಟರಲ್ಲಿ ಅಮೆರಿಕದಲ್ಲಿ ಒಂದು ತಾಯಿ ಮಗಳ ಜೋಡಿ ಯೂಂಗರನ್ನು ಮನೆಮಾತು ಮಾಡಹೊರಟಿತ್ತು. ತಾಯಿ ಕ್ಯಾಥರೀನ್ ಬ್ರಿಗ್ಸ್ ಯೂಂಗರ ಗ್ರಂಥದ 1923ರ ಇಂಗ್ಲಿಷ್ ಅನುವಾದವನ್ನು ಓದಿ ಮರುಳಾದರು. ಮಗಳು ಇಸಾಬೆಲ್ ಮೈಯರ್ಸ್ ಪತ್ತೇದಾರಿ ಕಾದಂಬರಿ ಬರೆದು ಹೆಸರು ಮಾಡಿದ್ದಾಕೆ. ಇಬ್ಬರಿಗೂ ಮನಶ್ಶಾಸ್ತ್ರದ ತರಬೇತಿ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಾರಿಗೆ ಯಾವ ಕೆಲಸ ಹೊಂದುತ್ತದೆ ಎಂದು ತಿಳಿಯಲೆಂದು ಅವರು ಕಟ್ಟಿದ ಪ್ರಶ್ನಾವಳಿ ಮನುಷ್ಯರನ್ನು 16 ಗುಂಪುಗಳಾಗಿ ವಿಂಗಡಿಸಿ, ನಾಲ್ಕಕ್ಷರದ ಹೆಸರು ಕೊಟ್ಟಿತು. ಇವತ್ತು ಯುವಕರ ಇನ್‌ಸ್ಟಾಗ್ರಾಂ ಪರಿಚಯದಲ್ಲಿ ಕಾಣುವ ಐ.ಎನ್.ಎಫ್.ಜೆ. ಮುಂತಾದ ಅಕ್ಷರಗಳ ಮೂಲ ಅದೇ.

ಅದರ ದೋಷವೂ ಆ ಅಕ್ಷರದಲ್ಲೇ ಇದೆ. ಜನರ ಅಂಕಗಳನ್ನು ಹರಡಿ ನೋಡಿದರೆ ಹೆಚ್ಚಿನವರು ನಡುವೆಯೇ ನಿಲ್ಲುತ್ತಾರೆ. ಅಲ್ಲಿಯೇ ಗೆರೆ ಎಳೆದು ಈಚೆಯವರು ಒಂದು ಜಾತಿ, ಆಚೆಯವರು ಇನ್ನೊಂದು ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ 35 ಅಂಕಕ್ಕೆ ಪಾಸಾಗುತ್ತಿದ್ದ ಕಾಲದಲ್ಲಿ 34 ಬಂದವನನ್ನು ದಡ್ಡ, 35 ಬಂದವನನ್ನು ಜಾಣ ಎಂದ ಹಾಗಾಗುತ್ತದೆ. ಕೆಲವೇ ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಬರೆದಾಗ ಅನೇಕರ ಗುಂಪೇ ಬದಲಾಗುವುದು ಇದರಿಂದಲೇ. ಇಂದಿನ ಸಂಶೋಧಕರು ಗುಂಪುಗಳನ್ನು ಬಿಟ್ಟು, ಬಹಿರ್ಮುಖತೆಯೂ ಸೇರಿದಂತೆ ಐದು ಗುಣಗಳನ್ನು ಹೆಚ್ಚು ಕಡಿಮೆ ಎಂಬ ಮಾಪನದಲ್ಲಿ ಅಳೆಯುತ್ತಾರೆ. ಲೂಯಿಸ್ ಗೋಲ್ಡ್‌ಬರ್ಗ್ 1990ರ ದಶಕದಲ್ಲಿ ಆರಂಭಿಸಿದ ಪ್ರಶ್ನಾಕೋಶದಲ್ಲಿ ಈಗ ಮೂರು ಸಾವಿರಕ್ಕೂ ಹೆಚ್ಚು ವಾಕ್ಯಗಳಿವೆ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಜಾಲದಲ್ಲಿ ಸಿಗುವ ಒಳ್ಳೆಯ ಪರೀಕ್ಷೆಗಳಲ್ಲಿ ಹಲವು ಅದರಿಂದ ಆಯ್ದವು.

ಹಾಗಾದರೆ ಕೆಟ್ಟ ಪರೀಕ್ಷೆಯೂ ನಿಜ ಹೇಳಿದಂತೆ ಏಕೆ ಅನ್ನಿಸುತ್ತದೆ? ಬರ್ಟ್ರಂ ಫೋರರ್ ಎಂಬ ಅಮೆರಿಕದ ಅಧ್ಯಾಪಕರು 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ಅವರದೇ ಎಂದು ಒಂದು ವರ್ಣನೆ ಹಂಚಿದರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಹಾಕಿ ಎಂದಾಗ ಸರಾಸರಿ ನಾಲ್ಕನ್ನೂ ದಾಟಿತು. ಅಸಲಿಗೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ, ಅದರ ವಾಕ್ಯಗಳನ್ನು ಬಹುಪಾಲು ಅಂಗಡಿಯಲ್ಲಿ ಸಿಕ್ಕ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಒಂಟಿಕೊಪ್ಪಲ್ ಪಂಚಾಂಗದ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನಲ್ಲಿ ಸ್ವಭಾವ ಪರೀಕ್ಷೆ ಆಟವಲ್ಲದ ಒಂದು ಜಾಗವೂ ಇದೆ: ಸಿದ್ಧಾರ್ಥ ನಗರದ ವಾಯುಪಡೆ ಆಯ್ಕೆ ಮಂಡಳಿ. ಅಧಿಕಾರಿಯಾಗಲು ದೇಶದ ಮೂಲೆಮೂಲೆಯಿಂದ ಬರುವ ಯುವಕ ಯುವತಿಯರಿಗೆ ಅಲ್ಲಿ ಹಲವು ದಿನಗಳ ಪರೀಕ್ಷೆ. ಅದರಲ್ಲೊಂದು ಪದ ಪರೀಕ್ಷೆ. ಒಂದಾದ ಮೇಲೊಂದರಂತೆ 60 ಪದಗಳು, ಒಂದೊಂದಕ್ಕೂ 15 ಸೆಕೆಂಡಿನಲ್ಲಿ ಹೊಳೆದದ್ದನ್ನು ಬರೆಯಬೇಕು. ಪದ ಕೊಟ್ಟು ಮನಸ್ಸಿನ ಜಾಡು ಹಿಡಿಯುವ ಈ ವಿಧಾನವನ್ನು ಜ್ಯೂರಿಕ್ ಆಸ್ಪತ್ರೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಪಳಗಿಸಿದವರು ತರುಣ ಯೂಂಗ್! ಮಂಡಳಿಯವರು ಆ ಬರಹವೊಂದನ್ನೇ ನಂಬಿ ಕೂರುವುದಿಲ್ಲ ಎಂಬುದನ್ನು ಗಮನಿಸಬೇಕು. ಗುಂಪಿನ ಚಟುವಟಿಕೆಯಲ್ಲಿ ಅಭ್ಯರ್ಥಿ ಹೇಗೆ ನಡೆದುಕೊಂಡ, ಸಂದರ್ಶನದಲ್ಲಿ ಏನು ಹೇಳಿದ ಎಂದು ಬೇರೆಬೇರೆ ಕಣ್ಣುಗಳು ನೋಡುತ್ತವೆ. ಮೊಬೈಲಿನ ಪರೀಕ್ಷೆಗೆ ಆ ಕಣ್ಣುಗಳಿಲ್ಲ. ನಿಮ್ಮ ಬಗ್ಗೆ ನೀವು ಹೇಳಿದ್ದನ್ನೇ ಅದು ಬಣ್ಣ ಬಳಿದು ನಿಮಗೆ ಹಿಂದಿರುಗಿಸುತ್ತದೆ.

ಹಿಂದಿರುಗಿಸುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಅದು ಇನ್ನೊಂದು ಕಥೆ. 2007ರಲ್ಲಿ ಡೇವಿಡ್ ಸ್ಟಿಲ್‌ವೆಲ್ ಫೇಸ್‌ಬುಕ್‌ಗೆ ಮಾಡಿದ ಸ್ವಭಾವ ಪರೀಕ್ಷೆಯನ್ನು 60 ಲಕ್ಷಕ್ಕೂ ಹೆಚ್ಚು ಜನ ಬರೆದರು. ಆ ಮಾಹಿತಿಯ ಬಲದಿಂದಲೇ ಸಂಶೋಧಕರು 2013ರಲ್ಲಿ, ಬರೀ ಲೈಕ್‌ಗಳಿಂದ ಮನುಷ್ಯನ ಸ್ವಭಾವವನ್ನು ಊಹಿಸಬಹುದೆಂದು ತೋರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇನ್ನೊಬ್ಬ ಸಂಶೋಧಕ ಅಲೆಕ್ಸಾಂಡರ್ ಕೋಗನ್ ಇಂಥದೇ ಆಪ್ ಬಿಟ್ಟು, ಬರೆದವರ ಮಾತ್ರವಲ್ಲ, ಅವರ ಗೆಳೆಯರ ವಿವರವನ್ನೂ ಬಾಚಿ ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಸಲಹಾ ಸಂಸ್ಥೆಗೆ ಕೊಟ್ಟರು. 2018ರಲ್ಲಿ ಹಗರಣ ಬಯಲಾದಾಗ ಫೇಸ್‌ಬುಕ್ ಭಾರತದ ಲೆಕ್ಕ ಕೊಟ್ಟಿತು. ಆಪ್ ಹಾಕಿಕೊಂಡವರು 335 ಜನ, ಮಾಹಿತಿ ಸೋರಿರಬಹುದಾದವರು 5,62,455.

ಆದ್ದರಿಂದ ಕುತೂಹಲಕ್ಕೆ ಪರೀಕ್ಷೆ ಬರೆಯುವವರು ಬರೆಯಲಿ, ಅಡ್ಡಿಯಿಲ್ಲ. ಮೊದಲೇ ಫೋನ್ ನಂಬರು, ಫೇಸ್‌ಬುಕ್ ಲಾಗಿನ್ ಕೇಳುವ ಪುಟದಿಂದ ಹಾಗೇ ಹೊರಬನ್ನಿ. ಯಾರ ಸರಾಸರಿಗೆ ಹೋಲಿಸಿ ಅಂಕ ಕೊಟ್ಟಿದ್ದೇವೆ ಎಂದು ಹೇಳದ ಶೇಕಡಾವನ್ನು ನಂಬಬೇಡಿ. ಆ ಅಂಕ ನೋಡಿ ಮಕ್ಕಳ ಕೋರ್ಸು ಆರಿಸಬೇಡಿ, ವಧೂವರರನ್ನು ಒಪ್ಪಿಕೊಳ್ಳುವುದೋ ಬಿಡುವುದೋ ಮಾಡಬೇಡಿ. ಮೌನ ಸ್ವಭಾವಕ್ಕೆ ಮದ್ದು ಬೇಕಿಲ್ಲ. ಜನರನ್ನು ಕಂಡರೆ ಎದೆ ನಡುಗಿ ಕಾಲೇಜು, ಕೆಲಸ ತಪ್ಪುತ್ತಿದ್ದರೆ ಅದು ಬೇರೆ, ಅದಕ್ಕೆ ನೆರವಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ, ಹಣ ಕೊಡದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಸಂಖ್ಯೆ 14416.