ಕನಸಿನ ನಾಡಿನಲ್ಲಿ ಮಾತಿನ ಬೆಲೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ಅಮೆರಿಕದ ವೃತ್ತಪತ್ರಿಕೆಯ ಚಿತ್ರಕಥೆಯೊಂದರ ವಿಚಾರವೇಕೆ ಎಂದು ತಮಗೆ ಅನ್ನಿಸಿದರೆ ಅದು ಸಹಜವೇ. ಆದರೆ ಈ ಕಥೆಯಲ್ಲಿ ಮಾತನ್ನು ದುಡ್ಡು ಕೊಟ್ಟು ಕೊಳ್ಳಬೇಕಾದ ಜನರಿದ್ದಾರೆ. ಆಡಿದ ಮಾತು ಮಾತೇ ಅಲ್ಲವೆಂದು ನಗೆಗೀಡಾದವನೊಬ್ಬನಿದ್ದಾನೆ. ಪರಭಾಷೆಯ ಊರಿನಲ್ಲಿ ತಾಯ್ನುಡಿಯನ್ನು ಉಳಿಸಿಕೊಂಡು ಬಾಳುತ್ತಿರುವ ನಮಗೆ ಇದು ಹೊರಗಿನ ವಿಚಾರವಲ್ಲ.

ಚಿತ್ರಕಥೆಯ ಹೆಸರು ‘ಲಿಟ್ಲ್ ನೆಮೊ ಇನ್ ಸ್ಲಂಬರ್‌ಲ್ಯಾಂಡ್’. ನಿದ್ರಾಲೋಕದಲ್ಲಿ ಪುಟ್ಟ ನೆಮೊ ಎನ್ನಬಹುದು. ಬರೆದವನು ವಿನ್ಸರ್ ಮೆಕೇ. 1905ನೆಯ ಅಕ್ಟೋಬರ್ 15ರಂದು ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಇದು ಇಡೀ ಪುಟದ ಬಣ್ಣದ ಚಿತ್ರವಾಗಿ ಮೊದಲ ಬಾರಿ ಬಂದಿತು. 1911ರವರೆಗೆ ಅಲ್ಲಿಯೇ ನಡೆಯಿತು. ಕಥೆಯ ಹಂದರ ಸರಳವಾದುದು. ನಿದ್ರಾಲೋಕದ ರಾಜ ಮಾರ್ಫಿಯಸ್ ತನ್ನ ಮಗಳಿಗೆ ಜೊತೆಯಾಗಲೆಂದು ನೆಮೊ ಎಂಬ ಹುಡುಗನನ್ನು ಕರೆಸುತ್ತಾನೆ. ಮೊದಲ ವಾರ ಒಂದು ಕುದುರೆ ಬರುತ್ತದೆ. ನೆಮೊ ಅದನ್ನು ನಕ್ಷತ್ರಗಳ ನಡುವೆ ಓಡಿಸಿ, ಆಯತಪ್ಪಿ ಬಿದ್ದು, ಎಚ್ಚರಗೊಳ್ಳುತ್ತಾನೆ. ಮುಂದೆ ಪ್ರತಿವಾರವೂ ಕಡೆಯ ಸಣ್ಣ ಚೌಕದಲ್ಲಿ ಇದೇ ಗತಿ: ಹಾಸಿಗೆ, ಅಥವಾ ಹಾಸಿಗೆಯ ಪಕ್ಕದ ನೆಲ, ಮನೆಯವರ ಗದರಿಕೆ. ರಾಜಕುಮಾರಿಯ ಬಳಿಗೆ ತಲುಪುವುದಕ್ಕೇ ಹುಡುಗನಿಗೆ ತಿಂಗಳುಗಳು ಹಿಡಿದವು.

ಉಷೆಯ ಕನಸಿನಲ್ಲಿ ಬಂದ ತರುಣನನ್ನು ಅವಳ ಗೆಳತಿ ಚಿತ್ರಲೇಖೆ ಬರೆದು ತೋರಿಸಿದ ಕಥೆ ನಮಗೆಲ್ಲ ಗೊತ್ತು. ಮೆಕೇ ಮಾಡಿದ್ದೂ ಅದೇ ಕೆಲಸ. ಕನಸನ್ನು ಕಾಗದಕ್ಕೆ ಇಳಿಸಿದ. ಅದರಲ್ಲಿ ಅವನಿಗೆ ಸಮನಾದವರು ವಿರಳ. 1908ರ ಜುಲೈ 26ರ ಪುಟವನ್ನೇ ನೋಡಿ. ನೆಮೊನ ಮಂಚದ ಕಾಲುಗಳು ಬೆಳೆಯುತ್ತವೆ. ಮಂಚ ಬೀದಿಗಿಳಿದು ಮನೆಗಳ ಮೇಲೆ ಹೆಜ್ಜೆಯಿಟ್ಟು ನಡೆಯುತ್ತದೆ. ಕಾಲು ಉದ್ದವಾದಂತೆ ಚಿತ್ರದ ಚೌಕವೂ ಉದ್ದವಾಗುತ್ತದೆ. ಕನಸಿನ ಹಿಗ್ಗು ಕುಗ್ಗುಗಳನ್ನು ಪುಟದ ಅಳತೆಯಲ್ಲಿಯೇ ತೋರಿಸಿದ ಜಾಣ್ಮೆ ಇದು. ಮೆಕೇ ಮುಂದೆ 1911ರಲ್ಲಿ ಇದೇ ಪಾತ್ರಗಳನ್ನು ಸುಮಾರು 4,000 ಚಿತ್ರಗಳಲ್ಲಿ ಬರೆದು ಚಲನಚಿತ್ರವನ್ನಾಗಿಯೂ ಮಾಡಿದ.

ಚಿತ್ರಗಳ ಹೊಗಳಿಕೆ ಸಾಕಷ್ಟು ನಡೆದಿದೆ, ಅದು ಸಲ್ಲತಕ್ಕದ್ದೇ. ಮಾತಿನ ಕಡೆಗೆ ಕಣ್ಣು ಹಾಯಿಸಿದರೆ ಮಾತ್ರ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಅಷ್ಟು ವಿಶಾಲವಾದ ಅರಮನೆಗಳ ನಡುವೆ ಮಾತುಗಳು ಇಕ್ಕಟ್ಟಾದ ಗುಳ್ಳೆಗಳೊಳಗೆ ತುರುಕಿದಂತಿವೆ. ಆ ಇಕ್ಕಟ್ಟಿನಲ್ಲಿಯೂ ಎಲ್ಲರಿಗೂ ಸಮಾನ ಸ್ಥಾನವಿಲ್ಲ.

ನೆಮೊನ ಜೊತೆಗಾರರು ಇಬ್ಬರು. ಒಬ್ಬನು ಫ್ಲಿಪ್. ಬಾಯಲ್ಲಿ ಚುಟ್ಟ, ತಲೆಯ ಮೇಲೆ ‘ಎದ್ದೇಳು’ ಎಂದು ಬರೆದ ಟೋಪಿ. ಮೊದಮೊದಲು ಇವನು ನಿದ್ರಾಲೋಕಕ್ಕೆ ಬೇಡವಾದವನು, ಕನಸು ಕೆಡಿಸುವವನು. ಆದರೆ ಫ್ಲಿಪ್‌ಗೆ ಬಾಯಿಯಿತ್ತು. ವಾದಿಸಿದ, ಬೈದ, ಹಟ ಹಿಡಿದ. ಕಡೆಗೆ ರಾಜನ ಪರಿವಾರದಲ್ಲಿಯೇ ಜಾಗ ಗಿಟ್ಟಿಸಿಕೊಂಡ. ಎರಡನೆಯವನು ಇಂಪ್. ಕಪ್ಪು ಮೈ, ದಪ್ಪ ತುಟಿ, ಹುಲ್ಲಿನ ಉಡುಗೆ: ಆಫ್ರಿಕದ ಜನರನ್ನು ಅಂದಿನ ಅಮೆರಿಕದ ಪತ್ರಿಕೆಗಳು ಅಣಕಿಸುತ್ತಿದ್ದ ಅದೇ ಅಚ್ಚು. ಅವನ ಗುಳ್ಳೆಯಲ್ಲಿ ಇರುವುದು ಅರ್ಥವಿಲ್ಲದ ಅಕ್ಷರಗಳ ಗೊಂಚಲು. ಅವನು ಏನೋ ಹೇಳುತ್ತಾನೆ, ಯಾರೂ ಕೇಳುವುದಿಲ್ಲ. ನೆಮೊ ಒಮ್ಮೆಯೂ ‘ನೀನು ಹೇಳುತ್ತಿರುವುದೇನು?’ ಎಂಬುದನ್ನು ತಿಳಿಯುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಫ್ಲಿಪ್‌ನ ಕಥೆ ಹೊರಗಿನವನು ಒಳಗಿನವನಾದ ಕಥೆ. ಇಂಪ್ ಒಳಗಿದ್ದೂ ಹೊರಗೇ ಉಳಿದ. ಇಬ್ಬರ ನಡುವಣ ಅಂತರಕ್ಕೆ ಮೈಬಣ್ಣ ಒಂದು ಕಾರಣ; ಮಾತು ಇನ್ನೊಂದು.

‘ಅದು ಆ ಕಾಲದ ರೀತಿ’ ಎಂದು ಕೆಲವರು ಹೇಳುವರು. ಒಪ್ಪೋಣ. ಆದರೆ ಅದೇ ಕಾಲವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. 1907ನೆಯ ಒಂದೇ ವರ್ಷದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ವಲಸೆಗಾರರು ಅಮೆರಿಕಕ್ಕೆ ಬಂದರು. ಬಹುಪಾಲಿನವರು ಇಳಿದದ್ದು ನ್ಯೂಯಾರ್ಕಿನಲ್ಲಿಯೇ. ಪತ್ರಿಕೆ ಮಾರಾಟವಾಗುತ್ತಿದ್ದ ಬೀದಿಗಳ ತುಂಬ ಅರ್ಥವಾಗದ ಭಾಷೆಗಳ ಜನವಿದ್ದರು. ಅಂಥ ಊರಿನಲ್ಲಿ, ತಿಳಿಯದ ನುಡಿಯೆಲ್ಲ ಬರಿಯ ಗದ್ದಲವೆಂದು ಮಕ್ಕಳನ್ನು ವಾರವಾರವೂ ನಗಿಸುವುದು ಮುಗ್ಧವಾದ ವಿನೋದವೆನಿಸದು.

ವಿಶೇಷವೆಂದರೆ, ಮೆಕೇಗೆ ಈ ಮರ್ಮ ತಿಳಿಯದೆ ಇರಲಿಲ್ಲ. 1910ರಲ್ಲಿ ನೆಮೊ ಮತ್ತು ಸಂಗಡಿಗರು ವಾಯುನೌಕೆಯಲ್ಲಿ ಮಂಗಳ ಗ್ರಹಕ್ಕೆ ಹೋಗುತ್ತಾರೆ. ಅಲ್ಲಿ ಎಲ್ಲಕ್ಕೂ ಒಬ್ಬನೇ ಒಡೆಯ. ಉಸಿರಾಡುವ ಗಾಳಿಯನ್ನೂ ಆಡುವ ಮಾತನ್ನೂ ಜನರು ಅವನಿಂದ ಕೊಳ್ಳಬೇಕು. ಕಾಸಿಲ್ಲದವನಿಗೆ ಮಾತಿಲ್ಲ. ಮಾತನ್ನು ಗಾಳಿಯ ಸಮಕ್ಕೆ ಇಟ್ಟದ್ದರಲ್ಲಿಯೇ ಮೆಕೇಯ ಕಾಣ್ಕೆಯಿದೆ. ಗಾಳಿ ಇಲ್ಲದೆ ದೇಹವಿಲ್ಲ, ಮಾತು ಇಲ್ಲದೆ ಮನುಷ್ಯನಿಲ್ಲ. ಮಂಗಳದವರ ಮೂಕತನ ಅನ್ಯಾಯವೆಂದು ಕಂಡ ಕಣ್ಣಿಗೆ, ಪಕ್ಕದಲ್ಲಿಯೇ ಕುಳಿತ ಇಂಪ್‌ನ ಮೂಕತನ ಹಾಸ್ಯವಾಗಿ ಉಳಿದದ್ದು ಹೇಗೆ? ದೂರದ ಅನ್ಯಾಯ ಬೇಗ ಕಾಣುತ್ತದೆ. ಹತ್ತಿರದ್ದು ರೂಢಿಯಾಗಿ, ಕಣ್ಣಿಗೇ ಬೀಳುವುದಿಲ್ಲ.

ಆದುದರಿಂದ ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬೇಡಿ ಎಂದು ನಾನು ಹೇಳುವವನಲ್ಲ. ಕೊಡಿ; ಜೊತೆಯಲ್ಲಿ ಕುಳಿತು ಓದಿ. ನಡೆಯುವ ಮಂಚವನ್ನು ಕಂಡು ಮಗುವಿನೊಡನೆ ನೀವೂ ಬೆರಗಾಗಿ. ಇಂಪ್ ಬಂದಾಗ ಮಾತ್ರ ಒಂದು ಕ್ಷಣ ನಿಂತು, ‘ಇವನು ತನ್ನ ಮನೆಯಲ್ಲಿ ತಾಯಿಯೊಡನೆ ಏನೆಂದು ಮಾತನಾಡುತ್ತಿದ್ದಿರಬಹುದು?’ ಎಂದು ಕೇಳಿ. ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ, ಅಡಿಗೆಮನೆಯಲ್ಲಿ ಕನ್ನಡ ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಪ್ರಶ್ನೆಯ ಉತ್ತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮನ್ನು ನೋಡಿ ನಗುವವರ ವಿಚಾರ ಹಾಗಿರಲಿ. 1956ರಲ್ಲಿ ಒಂದಾದ ನಾಡಿನ ಬೇರೆಬೇರೆ ಸೀಮೆಗಳಿಂದ ನಾವು ಈ ಊರಿಗೆ ಬಂದು ಸೇರಿದ್ದೇವೆ. ಧಾರವಾಡದವರು ‘ಹೌದ್ರೀ’ ಎಂದರೆ ಮೈಸೂರಿನವರು ಮುಗುಳ್ನಗುತ್ತಾರೆ; ಮೈಸೂರಿನವರ ಎಳೆದಾಟಕ್ಕೆ ಮಂಗಳೂರಿನವರು ಹುಬ್ಬೇರಿಸುತ್ತಾರೆ; ಮಂಗಳೂರಿನವರ ಪುಸ್ತಕದ ಕನ್ನಡ ಕಲಬುರಗಿಯವರಿಗೆ ನಾಟಕದ ಮಾತಿನಂತೆ ಕೇಳುತ್ತದೆ. ಅದರಲ್ಲಿ ಪ್ರೀತಿಯೂ ಉಂಟು, ನಿಜ. ಆದರೂ ನಕ್ಕು ಮುಗಿಸುವ ಮೊದಲು ಎದುರಿನವರ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ನಮ್ಮ ಸಂಘದ ಈ ಚಾವಡಿಯಿಂದಲೇ ಪ್ರಾರಂಭವಾಗಲಿ ಎಂದು ಹಾರೈಸುತ್ತೇನೆ.