ದೂರ ನಿಂತು ನೋಡುವ ವಿದ್ಯೆ



ಹಕ್ಕಿಗಳು ತಮ್ಮ ಮರಿಗಳನ್ನು ಸಲಹಿ ಬೆಳೆಸುವ ಪರಿಯನ್ನು ಚಿತ್ರಗಳಲ್ಲಿಯೂ ಬರೆವಣಿಗೆಯಲ್ಲಿಯೂ ತೋರಿಸಬೇಕೆಂದು ಹೊರಟ ಈ ಪ್ರದರ್ಶನ ಮಾಘಮಾಸದಲ್ಲಿ ಏರ್ಪಟ್ಟಿರುವುದು ಅತ್ಯಂತ ಕಾಲೋಚಿತವಾಗಿದೆ. ನಾವು ಈ ಸಭಾಂಗಣದಲ್ಲಿ ಕುಳಿತಿರುವ ಈ ಹೊತ್ತಿನಲ್ಲಿಯೇ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ನಮ್ಮ ಬಡಾವಣೆಗಳ ಎತ್ತರವಾದ ಮರಗಳಲ್ಲಿ ಹದ್ದುಗಳು ಮೊಟ್ಟೆಗಳಿಗೆ ಕಾವು ಕೊಡುತ್ತಿವೆ, ಇಲ್ಲವೆ ಮರಿಗಳಿಗೆ ಗುಟುಕು ಉಣಿಸುತ್ತಿವೆ. ದಕ್ಷಿಣ ಭಾರತದ ಕಡಿದಾದ ಬಂಡೆಗಳಲ್ಲಿ ವಾಸಿಸುವ ಶಾಹೀನ್ ಗಿಡುಗಕ್ಕೂ ಇದೇ ಸಂತಾನಕಾಲ. ಈ ಹಕ್ಕಿಯನ್ನು ಕಾಣಬೇಕೆಂದು ಬಯಸುವವರು ಬಹುದೂರ ಹೋಗಬೇಕಾದುದಿಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರಾಮನಗರದ ಬೆಟ್ಟಗಳಲ್ಲಿ, ಅದೃಷ್ಟವೂ ತಾಳ್ಮೆಯೂ ಕೂಡಿಬಂದ ದಿನ, ಅದರ ದರ್ಶನವಾದೀತು.

ಪೆರೆಗ್ರಿನ್ ಗಿಡುಗವೆಂದು ಜಗತ್ತೆಲ್ಲ ಕರೆಯುವ ಪಕ್ಷಿಯ ದಾಕ್ಷಿಣಾತ್ಯ ಕುಲವೇ ಈ ಶಾಹೀನ್. ಪೆರೆಗ್ರಿನ್ ಅಂಟಾರ್ಕ್ಟಿಕವೊಂದನ್ನು ಬಿಟ್ಟು ಮಿಕ್ಕೆಲ್ಲ ಖಂಡಗಳಲ್ಲಿಯೂ ಉಂಟು. ಎತ್ತರದಿಂದ ರೆಕ್ಕೆ ಮುದುಡಿ ಬೇಟೆಯ ಮೇಲೆ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರನ್ನು ಮೀರುವುದರಿಂದ ಜೀವಿಗಳಲ್ಲೆಲ್ಲ ಅತ್ಯಂತ ವೇಗಶಾಲಿಯೆಂಬ ಕೀರ್ತಿ ಅದಕ್ಕೆ ಸಂದಿದೆ. ಉತ್ತರದ ಶೀತಪ್ರದೇಶಗಳಿಂದ ಚಳಿಗಾಲ ಕಳೆಯಲು ನಮ್ಮ ನಾಡಿಗೆ ಬಂದು ಹೋಗುವವು ಕೆಲವು; ಕಪ್ಪು ತಲೆಯ, ಕೆಂಗಂದು ಹೊಟ್ಟೆಯ ಶಾಹೀನ್ ಮಾತ್ರ ಇಲ್ಲಿಯೇ ಹುಟ್ಟಿ ಇಲ್ಲಿಯೇ ಬಾಳುವಂಥದು. ಆದರೆ ಅದರ ವೇಗದ ಪ್ರಶಂಸೆಯಲ್ಲಿ ಮುಳುಗಿದವರು ಅದರ ಗೃಹಸ್ಥಜೀವನವನ್ನು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ನನಗೋ ಅದರ ಮಹಿಮೆ ಅಲ್ಲಿಯೇ ಹೆಚ್ಚಾಗಿ ಕಾಣುತ್ತದೆ.

ಈ ಹಕ್ಕಿ ಕಡ್ಡಿಗಳನ್ನು ತಂದು ಗೂಡು ಹೆಣೆಯುವುದಿಲ್ಲ. ಬಂಡೆಯ ಚಾಚಿನ ಮೇಲೆ ಮಣ್ಣನ್ನೋ ಮರಳನ್ನೋ ಎದೆಯಿಂದಲೂ ಕಾಲುಗಳಿಂದಲೂ ಕೆದಕಿ ಮಾಡಿಕೊಂಡ ಆಳವಿಲ್ಲದ ಕುಳಿಯೇ ಅದರ ಸೂತಿಕಾಗೃಹ. ಅಲ್ಲಿ ಮೂರೋ ನಾಲ್ಕೋ ಮೊಟ್ಟೆಗಳು, ಅವಕ್ಕೆ ಒಂದು ತಿಂಗಳಿಗೂ ತುಸು ಹೆಚ್ಚಿನ ಕಾವು. ಹೆಣ್ಣಿಗಿಂತ ಮೂರರಲ್ಲೊಂದು ಪಾಲಿನಷ್ಟು ಚಿಕ್ಕದಾದ ಗಂಡು ಆ ಕಾಲದಲ್ಲಿ ಸಂಸಾರದ ಅನ್ನದಾತ. ಪಾರಿವಾಳವನ್ನೋ ಗಿಳಿಯನ್ನೋ ಹಿಡಿದು ತರುತ್ತ ಅದು ದೂರದಿಂದಲೇ ಕೂಗುತ್ತದೆ. ಹೆಣ್ಣು ಕುಳಿಯನ್ನು ಬಿಟ್ಟೆದ್ದು ಎದುರಾಗಿ ಹಾರಿ, ಗಂಡಿನ ಕೆಳಗೆ ಬಂದು, ಕ್ಷಣಮಾತ್ರ ಅಂಗಾತವಾಗಿ ಹೊರಳಿ, ಅದರ ಉಗುರುಗಳಿಂದ ಬೇಟೆಯನ್ನು ಆಕಾಶದಲ್ಲಿಯೇ ಪಡೆದುಕೊಂಡು ಹಿಂದಿರುಗುತ್ತದೆ. ಬಿಳಿಯ ತುಪ್ಪುಳು ಹೊದ್ದ ಮರಿಗಳ ಮುಂದೆ ಕುಳಿತು, ಒಂದೇ ಪೆಟ್ಟಿಗೆ ಪಾರಿವಾಳವನ್ನು ಉರುಳಿಸಬಲ್ಲ ಆ ತಾಯಿ, ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಕೊಕ್ಕನ್ನು ಓರೆಮಾಡಿ, ಒಂದೊಂದು ಬಾಯಿಗೂ ಹಿಡಿಯುವ ಸೌಮ್ಯತೆಯನ್ನು ದೂರದರ್ಶಕದಲ್ಲಿ ಕಂಡವರು ಕ್ರೌರ್ಯ, ಕಾರುಣ್ಯ ಎಂಬ ನಮ್ಮ ಮಾತುಗಳನ್ನು ಪ್ರಕೃತಿಗೆ ಅಂಟಿಸುವ ಮೊದಲು ಎರಡು ಸಲ ಯೋಚಿಸುವರು.

ಆರು ವಾರಗಳ ಸುಮಾರಿಗೆ ಮರಿಗಳು ರೆಕ್ಕೆ ಬಲಿತು ಬಂಡೆಯನ್ನು ಬಿಡುತ್ತವೆ. ತಾಯ್ತಂದೆಯರ ಕಾರ್ಯ ಅಲ್ಲಿಗೂ ಮುಗಿಯುವುದಿಲ್ಲ. ಇದುವರೆಗೆ ಬಾಯಿಗೆ ಕೊಡುತ್ತಿದ್ದುದನ್ನು ಈಗ ಅವು ಮರಿಯ ಮುಂದೆಯೇ ಹೊತ್ತು ಹಾರುತ್ತವೆ, ಅಟ್ಟಿಸಿಕೊಂಡು ಬಂದ ಮರಿಗೆ ಎಟುಕುವಂತೆ ಗಾಳಿಯಲ್ಲಿ ಬಿಡುತ್ತವೆ. ಹಿಡಿಯಲಾರದೆ ಹೋದರೆ ಮತ್ತೊಮ್ಮೆ ಅದೇ ಅಭ್ಯಾಸ. ಆ ಎಳೆಯ ಹಕ್ಕಿಯ ಎದೆಯ ಮೇಲೆ ಉದ್ದುದ್ದವಾಗಿ ಇಳಿದ ಗೆರೆಗಳು ಪ್ರಾಯ ಬಂದಾಗ ಅಡ್ಡಪಟ್ಟೆಗಳಾಗುವುವು. ಈ ಪ್ರದರ್ಶನದ ಚಿತ್ರಗಳ ಮುಂದೆ ನಿಲ್ಲುವ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹಕ್ಕಿಯ ವಯಸ್ಸನ್ನು ಹೇಳಲು ಅದೊಂದು ಸುಲಭವಾದ ಗುರುತು.

ಗಿಡುಗದ ಮೇಲಣ ಪ್ರೀತಿ ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಗಿಡುಗಗಳಿಂದ ಬೇಟೆಯಾಡಿಸುವ ಶ್ಯೇನವಿನೋದವನ್ನು ಅರಸರ ವಿನೋದಗಳಲ್ಲಿ ಒಂದಾಗಿ ನಿರೂಪಿಸಿದ್ದಾನೆ. ಪಕ್ಷಿಯ ಸ್ವಭಾವವನ್ನು ಅರಿಯದೆ, ಹಗಲಿರುಳು ಅದರ ಯೋಗಕ್ಷೇಮವನ್ನು ನೋಡಿಕೊಳ್ಳದೆ ಆ ವಿದ್ಯೆ ಸಿದ್ಧಿಸುವಂತಿರಲಿಲ್ಲ. ಆದುದರಿಂದ ಆ ಕಾಲದವರ ಅನುರಾಗ ನಿಜವಾದುದೆಂದೇ ನಾನು ನಂಬುತ್ತೇನೆ. ಆದರೆ ಅದು ಹಿಡಿದಿಟ್ಟುಕೊಳ್ಳುವ ಅನುರಾಗ. ಅರಸನ ಮುಂಗೈಯ ಮೇಲೆ ಕುಳಿತ ಗಿಡುಗ ತನ್ನ ಬೇಟೆಯನ್ನು ತೋರಿಸೀತೇ ಹೊರತು ವಾತ್ಸಲ್ಯವನ್ನು ತೋರಿಸದು. ಮರಿಗಳನ್ನು ಸಲಹುವ ಗಿಡುಗವನ್ನು ಕಾಣಬೇಕಾದರೆ ಅದನ್ನು ಅದರ ಬಂಡೆಗೇ ಬಿಟ್ಟು ನಾವು ಇತ್ತ ನಿಲ್ಲಬೇಕು. ಈ ದಿನ ನಾನು ನಿಮ್ಮ ಮುಂದೆ ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇದೊಂದೇ. ಕಾನೂನು ಕೂಡ ನಮ್ಮಿಂದ ಇದನ್ನೇ ಅಪೇಕ್ಷಿಸುತ್ತದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪೆರೆಗ್ರಿನ್ ಗಿಡುಗವನ್ನು ಮೊದಲನೆಯ ಅನುಸೂಚಿಯಲ್ಲಿರಿಸಿ ಅತ್ಯುನ್ನತ ರಕ್ಷಣೆಯನ್ನು ನೀಡಿದೆ.

ದೂರ ನಿಂತು ಶ್ರದ್ಧೆಯಿಂದ ನೋಡಿದವರೇ ಈ ಪಕ್ಷಿಕುಲವನ್ನು ಉಳಿಸಿದರೆಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. ಎರಡನೆಯ ಮಹಾಯುದ್ಧದ ತರುವಾಯ ಯೂರೋಪು, ಅಮೆರಿಕಗಳಲ್ಲಿ ಪೆರೆಗ್ರಿನ್‌ಗಳು ಕ್ಷೀಣಿಸತೊಡಗಿದಾಗ, ವರ್ಷವರ್ಷವೂ ಅದೇ ಬಂಡೆಗಳಿಗೆ ಹೋಗಿ ನೋಡುತ್ತಿದ್ದವರಿಗೆ ಮೊಟ್ಟೆಗಳು ತಾಯಿಯ ಕಾವಿನ ಭಾರಕ್ಕೇ ಒಡೆಯುತ್ತಿರುವುದು ಕಂಡುಬಂದಿತು. ಬ್ರಿಟನ್ನಿನ ಪಕ್ಷಿವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಗಳನ್ನು ಹೊಸವುಗಳೊಡನೆ ಹೋಲಿಸಿ, ಸಿಪ್ಪೆ ತೆಳುವಾಗಿರುವುದನ್ನು 1967ರಲ್ಲಿ ಪ್ರಕಟಪಡಿಸಿದರು. ಹೊಲಗಳಿಗೆ ಎರಚಿದ ಡಿ.ಡಿ.ಟಿ. ಎಂಬ ಕೀಟನಾಶಕವು ಕೀಟದಿಂದ ಸಣ್ಣ ಹಕ್ಕಿಗೂ ಸಣ್ಣ ಹಕ್ಕಿಯಿಂದ ಗಿಡುಗಕ್ಕೂ ಏರುತ್ತ ಬಂದು, ಮೊಟ್ಟೆಯ ಸಿಪ್ಪೆಗೆ ಸುಣ್ಣದಂಶ ಸಾಲದಂತೆ ಮಾಡಿದ್ದಿತು. ಅಮೆರಿಕ 1972ರಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಅಲ್ಲಿನ ಪಕ್ಷಿವಿಜ್ಞಾನಿ ಟಾಮ್ ಕೇಡ್ ಮತ್ತವರ ಸಂಗಡಿಗರು ಮರಿಗಳನ್ನು ಸಾಕಿ ಬಿಡುಗಡೆಮಾಡಿದರು. 1999ರಲ್ಲಿ ಪೆರೆಗ್ರಿನ್ ಆ ದೇಶದ ಅಪಾಯಗ್ರಸ್ತ ಜೀವಿಗಳ ಪಟ್ಟಿಯಿಂದ ಹೊರಬಂದಿತು. ಇಂದು ಅದು ನ್ಯೂಯಾರ್ಕಿನ ಸೇತುವೆಗಳ ಮೇಲೆಯೂ ಮರಿಮಾಡುತ್ತದೆ.

ನಮ್ಮ ರಣಹದ್ದುಗಳ ಕಥೆ ಅಷ್ಟು ಸುಖಕರವಾಗಿ ಮುಗಿದಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡಗಳನ್ನು ಕೆಡಿಸುವುದೆಂದು ತಿಳಿದು, 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ವೇಳೆಗೆ ಬಹುಪಾಲು ಹಕ್ಕಿಗಳು ಅಳಿದಿದ್ದುವು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ವನ್ಯಧಾಮವೆಂದು ಘೋಷಿತವಾಯಿತು. ‘ಶೋಲೆ’ ಚಿತ್ರ ತಯಾರಾದ ಸ್ಥಳವೆಂದು ಸಾವಿರಾರು ಮಂದಿ ನೋಡಲು ಹೋಗುವ ಆ ಬಂಡೆಗಳನ್ನು ಉದ್ದಕೊಕ್ಕಿನ ರಣಹದ್ದುಗಳಲ್ಲಿ ಕೆಲವೇ ಕೆಲವು ಇನ್ನೂ ಆಶ್ರಯಿಸಿಕೊಂಡಿವೆ. ಅವು ಒಂದು ಋತುವಿಗೆ ಇಡುವುದು ಒಂದೇ ಮೊಟ್ಟೆ; ಒಂದು ಮರಿ ನಷ್ಟವಾದರೆ ಆ ಸಂಸಾರದ ಪಾಲಿಗೆ ಒಂದು ವರ್ಷವೇ ನಷ್ಟವಾದಂತೆ.

ಮನುಷ್ಯನಿರುವಲ್ಲಿ ಹಕ್ಕಿ ನಿರ್ಭಯವಾಗಿ ಸಂಸಾರ ಹೂಡಲಾರದೆಂದು ಮಾತ್ರ ಇದರಿಂದ ಭಾವಿಸಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಮರಗಳಲ್ಲಿ, ಮನೆಗಳ ಸೂರಿಗೆ ತಾಗುವಂತೆ, ತಲೆತಲಾಂತರದಿಂದ ಗೂಡು ಕಟ್ಟುತ್ತ ಬಂದಿವೆ. ಬಸುರಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದಂತೆ ಅವು ಬರುತ್ತವೆಂದು ಆ ಊರಿನವರು ಹೇಳುತ್ತಾರೆ. ಹುಣಿಸೆಯ ಫಸಲಿಗೆ ನಷ್ಟವಾದರೂ ಅವುಗಳನ್ನು ಕದಲಿಸಿಲ್ಲ. ಹತ್ತಿರದಲ್ಲಿದ್ದೂ ಅಡ್ಡಬಾರದೆ ಇರುವ ಆ ಸಂಯಮ ಗ್ರಂಥಗಳಿಂದ ಕಲಿತುದಲ್ಲ.

ಈಗ ನಮ್ಮ ಬೀದಿಗಳಿಗೆ ಬರೋಣ. ಮಹಡಿಯ ಮೇಲೊಂದು ಕುರ್ಚಿ, ಕೈಯಲ್ಲೊಂದು ನೋಟುಪುಸ್ತಕ ಇದ್ದರೆ ವಿಜಯನಗರದ ಹುಡುಗನೊಬ್ಬ ಹದ್ದಿನ ಸಂಸಾರವನ್ನು ಮೊದಲಿನಿಂದ ಕೊನೆಯವರೆಗೆ ಅಧ್ಯಯನ ಮಾಡಬಹುದು: ಅದು ಕಡ್ಡಿಗಳ ನಡುವೆ ಚಿಂದಿಯನ್ನೂ ತಂತಿಯನ್ನೂ ತಂದು ಸೇರಿಸುವುದನ್ನು, ಕಾಗೆಗಳೊಡನೆ ಕಾದುವುದನ್ನು, ಮರಿ ಮೊದಲ ಬಾರಿ ಕೊಂಬೆಯ ತುದಿಗೆ ನಡೆದುಬರುವುದನ್ನು. ಕಂಚುಗಾರ ಹಕ್ಕಿ ಒಣಕೊಂಬೆಯನ್ನು ಕೊರೆಯುವುದೂ, ಟುವ್ವಿ ಹಕ್ಕಿ ಎಲೆಗಳನ್ನು ಹೊಲಿಯುವುದೂ, ಕಾಗೆ ತನ್ನದೆಂದು ಕೋಗಿಲೆಯ ಮರಿಯನ್ನು ಸಾಕುವುದೂ ಇಲ್ಲಿಯೇ ನಡೆಯುತ್ತವೆ. ಪಿಕಳಾರವಂತೂ ತುಳಸಿಯ ಪಕ್ಕದ ಹೂಕುಂಡದಲ್ಲಿಯೇ ಗೂಡು ಕಟ್ಟಿಬಿಡುತ್ತದೆ.

ಒಳ್ಳೆಯ ಚಿತ್ರ ಬೇಕೆಂಬ ಆತುರದಲ್ಲಿ ಗೂಡನ್ನು ಮರೆಮಾಡಿದ ಎಲೆಗಳನ್ನು ಕೆಲವರು ಸರಿಸುವುದುಂಟು, ಟೊಂಗೆಯನ್ನೇ ಕತ್ತರಿಸುವುದೂ ಉಂಟು. ಆ ಎಲೆಗಳು ಮರಿಗೆ ಬಿಸಿಲಿನಿಂದಲೂ ಕಾಗೆಯ ಕಣ್ಣಿನಿಂದಲೂ ಇದ್ದ ಏಕೈಕ ರಕ್ಷೆ. ಅವನ್ನು ತೆಗೆದು ಪಡೆದ ಚಿತ್ರ ಎಷ್ಟು ಸುಂದರವಾಗಿದ್ದರೂ ಅದು ಅಪರಾಧದ ದಾಖಲೆಯೇ ಸರಿ. ಅಪಾಯ ಇನ್ನೊಂದೂ ಉಂಟು: ಆಷಾಢದ ಗಾಳಿಗೆ ನಮ್ಮ ಮಕ್ಕಳು ಪಟ ಹಾರಿಸುವಾಗ ಬಳಸುವ ಗಾಜಿನ ಪುಡಿಯ ಮಾಂಜಾ ದಾರ ಹದ್ದುಗಳ ರೆಕ್ಕೆಯನ್ನು ಮೂಳೆಯವರೆಗೆ ಕತ್ತರಿಸುತ್ತದೆ. ಹಾಗೆ ಗಾಯಗೊಂಡ ಹಕ್ಕಿಗಳಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತದೆ. ಪಟ ಹಾರಲಿ, ಅದಕ್ಕೆ ಬರಿಯ ನೂಲಿನ ದಾರ ಸಾಕು.

ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಪ್ರತಿಯೊಂದು ಚಿತ್ರದ ಮುಂದೆಯೂ ಸಾವಕಾಶವಾಗಿ ನಿಂತು ನೋಡಿರಿ, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಹೇಳಿರಿ. ಮನೆಗೆ ಹಿಂದಿರುಗಿದ ಮೇಲೆ ನಿಮ್ಮ ಬೀದಿಯ ಮರದಲ್ಲಿ ಗೂಡೊಂದು ಕಣ್ಣಿಗೆ ಬಿದ್ದರೆ, ಕೊಂಬೆ ಕಡಿಯಲು ಬಂದವರಿಗೆ ಅದನ್ನು ತೋರಿಸಿ, ಮರಿಗಳು ಹಾರಿಹೋಗುವವರೆಗೆ ತಡೆಯಿರೆಂದು ಕೇಳಿಕೊಳ್ಳಿರಿ.