ಕಿಟಕಿಯಾಚೆ ನೋಡುವ ಮಗು



ತರಗತಿಯಲ್ಲಿ ಎಲ್ಲರಿಗಿಂತ ಮೊದಲೇ ಲೆಕ್ಕ ಮುಗಿಸಿ, ಪೆನ್ಸಿಲ್ ತುದಿ ಕಚ್ಚುತ್ತಾ ಕಿಟಕಿಯಾಚೆ ನೋಡುವ ಮಗುವೊಂದು ಇರುತ್ತದೆ. 'ಮುಗೀತಾ? ಸುಮ್ನೆ ಕೂತ್ಕೋ' ಅನ್ನುತ್ತಾರೆ ಮೇಷ್ಟ್ರು. ಜಾಣ ಮಗು, ಹೇಗೋ ಮುಂದೆ ಬರುತ್ತೆ ಅಂತ ನಾವೂ ಸುಮ್ಮನಾಗುತ್ತೇವೆ.

ಹೇಗೋ ಬರುತ್ತದೆಯೇ?

ಗಣಿತಜ್ಞ ಶ್ರೀನಿವಾಸ ರಾಮಾನುಜನ್‌ರ ಕತೆಯನ್ನೇ ನೋಡಿ. ಅವರು ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ ಅವರಿಗೊಂದು ಕಾಗದ ಬರೆದರು. ಪುಟಗಳ ತುಂಬ ವಿಚಿತ್ರ ಸೂತ್ರಗಳು. ಹಾರ್ಡಿ ಅದನ್ನು ಮೂಲೆಗೆ ಎಸೆಯಲಿಲ್ಲ. ಗೆಳೆಯ ಲಿಟಲ್‌ವುಡ್ ಜೊತೆ ಕೂತು ಒಂದೊಂದನ್ನೂ ನೋಡಿದರು. ಮರುವರ್ಷ ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡರು.

ಆಗ ಶುರುವಾಯಿತು ಗುರುವಿನ ಪೇಚು. ಆಧುನಿಕ ಗಣಿತದ ಕ್ರಮ ಕಲಿಸದಿದ್ದರೆ ತಪ್ಪುಗಳು ಉಳಿಯುತ್ತವೆ. ಅತಿಯಾಗಿ ತಿದ್ದಿದರೆ ಶಿಷ್ಯನ ಸ್ವಂತ ಹೊಳಹೇ ಆರಿಹೋಗಬಹುದು. ಹಾರ್ಡಿ ಬೇಕಾದಷ್ಟನ್ನೇ ಕಲಿಸಿದರು. ತಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂದು ಮುಂದೆ ಮನಸಾರೆ ಒಪ್ಪಿಕೊಂಡರು. 1918ರಲ್ಲಿ ರಾಮಾನುಜನ್ ರಾಯಲ್ ಸೊಸೈಟಿಯ ಫೆಲೋ ಆದರು.

ಮಾರ್ಗದರ್ಶನ ಅಂದರೆ ಇದೇ ಅಲ್ಲವೇ? ಹೊಲಕ್ಕೆ ನೀರು ಹಾಯಿಸುವವನ ಹದ. ಕಡಿಮೆಯಾದರೆ ಪೈರು ಬಾಡುತ್ತದೆ, ಹೆಚ್ಚಾದರೆ ಕೊಳೆಯುತ್ತದೆ.

ನಾವು ಯಾರೂ ಹಾರ್ಡಿಯಷ್ಟು ದೊಡ್ಡವರಾಗಬೇಕಿಲ್ಲ. ಬೇಗ ಮುಗಿಸಿದ ಮಗುವಿಗೆ ಇನ್ನೊಂದು ಕಷ್ಟದ ಲೆಕ್ಕ ಕೊಡಬಹುದು. ನಮಗೆ ತಿಳಿಯದಿದ್ದರೆ, ತಿಳಿದವರ ಮನೆ ಬಾಗಿಲವರೆಗೆ ಕೈಹಿಡಿದು ಕರೆದೊಯ್ಯಬಹುದು.

ಇವತ್ತು ಅಂಥ ಮಗು ಕಂಡರೆ 'ಸುಮ್ನೆ ಕೂತ್ಕೋ' ಅನ್ನಬೇಡಿ. 'ಏನು ಯೋಚಿಸ್ತಿದ್ದೀಯಾ?' ಅಂತ ಕೇಳಿ.